ತಲೆಯ ಮೇಲೆ ತಲೆಕೆಳಗಾದ ಡಬ್ಬಿ

ಪ್ರತಿ ತಿಂಗಳ ಮೊದಲ ಭಾನುವಾರ ಸಂಜೆ ನಾಲ್ಕೂವರೆಗೆ ಸರಿಯಾಗಿ ಭಾವನವರ ತಲೆ ಐದು ನಿಮಿಷದ ಮಟ್ಟಿಗೆ ಅವರ ಕೈತಪ್ಪಿ ಹೋಗುತ್ತಿತ್ತು. ಆ ಐದು ನಿಮಿಷ ಅದು ಅವರ ಹೆಂಡತಿಯ ವ್ಯಾಪಾರದ ಸಾಮಾನು. ನಡುಮನೆಯಲ್ಲಿ ಒಂದು ಸ್ಟೂಲು ಹಾಕಿ, ಅದರ ಮೇಲೆ ಗಂಡನನ್ನು ಕೂರಿಸಿ, ಅಂಚಿನವರೆಗೆ ನೀರು ತುಂಬಿದ ನೀಲಿ ಡಬ್ಬಿಯ ಮುಚ್ಚಳ ಒತ್ತಿ, ಡಬ್ಬಿಯನ್ನು ತಲೆಕೆಳಗು ಮಾಡಿ ಆಕೆ ಅವರ ನೆತ್ತಿಯ ಮೇಲೆ ಗೇಣುದ್ದ ಎತ್ತರದಲ್ಲಿ ಹಿಡಿಯುತ್ತಿದ್ದಳು. ಸುತ್ತ ಕೂತ ಹತ್ತು ಹೆಂಗಸರು ಉಸಿರು ಬಿಗಿಹಿಡಿಯುತ್ತಿದ್ದರು. ಒಂದು ಹನಿಯೂ ಬೀಳುತ್ತಿರಲಿಲ್ಲ. ಸ್ವಂತ ಗಂಡನನ್ನೇ ಪಣಕ್ಕಿಟ್ಟ ಹೆಂಗಸು ಸುಳ್ಳು ಹೇಳಲಾರಳು ಎಂದು ಹತ್ತೂ ಜನ ಡಬ್ಬಿ ಕೊಳ್ಳುತ್ತಿದ್ದರು. ಆಮೇಲೆ ಟೀ, ಬಿಸ್ಕತ್ತು, ಕತ್ತಲಾಗುವವರೆಗೆ ಮಾತು.

ಈ ಸೋರದ ಪ್ಲಾಸ್ಟಿಕ್ ಡಬ್ಬಿಗಳು ಅಂಗಡಿಯಲ್ಲಿ ಸಿಗುವಂಥವಲ್ಲ. ಹೀಗೆ ಮನೆಗೆ ಕರೆದು, ಕೂರಿಸಿ, ಮಾತಾಡಿಸಿ ಮಾರಬೇಕಾದವು. ಕಂಪನಿಯವರು ಇದಕ್ಕೆ ಪಾರ್ಟಿ ಎನ್ನುತ್ತಿದ್ದರು. ಹನ್ನೊಂದು ವರ್ಷದಿಂದ ಇದನ್ನು ನಡೆಸಿಕೊಂಡು ಬಂದಿದ್ದರಿಂದ ಬೀದಿಯ ಹೆಂಗಸರಿಗೆ ಆಕೆ ‘ಡಬ್ಬಿ ಅಕ್ಕ’. ಅಕ್ಕನ ಗಂಡ ಭಾವ. ಹೀಗಾಗಿ ಅವರಿಗಿಂತ ಹದಿನೈದು ವರ್ಷ ದೊಡ್ಡವರಾದ ನಿವೃತ್ತ ಟೀಚರಮ್ಮನವರೂ ಅವರನ್ನು ಭಾವನವರೇ ಎಂದೇ ಕರೆಯುತ್ತಿದ್ದರು.

ಭಾವನವರಿಗೆ ತೂಕ ಮತ್ತು ಅಳತೆ ಇಲಾಖೆಯಲ್ಲಿ ಕೆಲಸ. ಅಂಗಡಿಗಳ ತಕ್ಕಡಿ ಪರೀಕ್ಷಿಸಿ, ತಂತಿ ಬಿಗಿದು, ಸೀಸದ ಮುದ್ರೆ ಒತ್ತುವುದು. ಇಪ್ಪತ್ತೇಳು ವರ್ಷ ಬೇರೆಯವರ ತಕ್ಕಡಿ ನೇರವಾಗಿದೆಯೇ ಎಂದು ಬಗ್ಗಿ ನೋಡಿ ನೋಡಿ ಅವರ ಬೆನ್ನು ಮಾತ್ರ ಒಂದು ಕಡೆಗೆ ವಾಲಿತ್ತು. ಭಾನುವಾರ ಬಂತೆಂದರೆ ಅವರಿಗೆ ಬೇಕಾದದ್ದು ಒಂದೇ, ಮಧ್ಯಾಹ್ನದ ಊಟ ಮುಗಿಸಿ ಸಂಜೆವರೆಗೆ ಅಡ್ಡಾಗುವುದು. ಅದೂ ತಿಂಗಳಿಗೊಮ್ಮೆ ತಪ್ಪುತ್ತಿತ್ತು. ತಪ್ಪಲಿ ಎಂದು ಅವರು ರಾಜಿಯಾಗಿದ್ದರು.

ಹೀಗಿರುವಾಗ ಒಂದು ದಿನ ಕಂಪನಿಯ ವಲಯದ ಮೇಡಂ ಫೋನ್ ಮಾಡಿದರು. ಇನ್ನು ಮೇಲೆ ಮನೆಯಲ್ಲಿ ಪಾರ್ಟಿ ಬೇಡ, ಎಲ್ಲ ಆನ್‌ಲೈನ್. ಗಿರಾಕಿಗಳು ಅವರವರ ಮನೆಯಲ್ಲಿ, ನೀವು ನಿಮ್ಮ ಮನೆಯಲ್ಲಿ, ಟೀ ಖರ್ಚೂ ಇಲ್ಲ. ನಮ್ಮ ಡಬ್ಬಿಯನ್ನೇ ಮಾರುವ ನಿಮ್ಮ ಮಹಡಿ ಮೇಲಿನ ಮನೆಯಾಕೆ ಆಗಲೇ ಶುರುಮಾಡಿದ್ದಾರೆ, ನೋಡಿ ಕಲಿಯಿರಿ.

ಮೇಲಿನ ಮನೆಯಾಕೆ ಶುರುಮಾಡಿದ್ದು ಕೆಳಗಿನವರಿಗೆ ಗೊತ್ತೇ ಇತ್ತು. ದಿನಾ ಸಂಜೆ ತಾರಸಿಯ ಮೂಲಕ “ಹಲೋ ಫ್ರೆಂಡ್ಸ್” ಎಂಬ ದನಿ ಇವರ ಊಟದ ತಟ್ಟೆಗೇ ಬಂದು ಬೀಳುತ್ತಿತ್ತು.

ಅಕ್ಕ ಫೋನಿಟ್ಟು ಗಂಡನ ಕಡೆ ತಿರುಗಿದಳು. “ಹೇಗೂ ನಿಮಗೆ ಗೊತ್ತಲ್ಲ ಇದೆಲ್ಲ. ಆಫೀಸಲ್ಲಿ ಕಂಪ್ಯೂಟರ್ ನೋಡ್ಕೊಳ್ಳೋದು ನೀವೇ ಅಲ್ವಾ.”

ಇಲ್ಲಿ ಒಂದು ವಿಷಯ ಓದುಗರ ಕಿವಿಯಲ್ಲಿ ಹೇಳಬೇಕು. ಭಾವನವರು ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದದ್ದು ನಿಜ. ಸಂಜೆ ಐದೂವರೆಗೆ ಅದರ ಮೇಲೆ ಬಟ್ಟೆ ಹೊದಿಸುವುದು, ಬೆಳಿಗ್ಗೆ ಹತ್ತಕ್ಕೆ ತೆಗೆಯುವುದು ಅವರ ಜವಾಬ್ದಾರಿಯಾಗಿತ್ತು. ಹಿಂದೊಮ್ಮೆ ಮಾವನ ಮನೆಯಲ್ಲಿ ನಾಲ್ಕು ಜನರ ಮುಂದೆ “ಕಂಪ್ಯೂಟರೆಲ್ಲ ನನ್ನ ಸುಪರ್ದಿನಲ್ಲೇ” ಎಂದುಬಿಟ್ಟಿದ್ದರು. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಅವತ್ತಿನಿಂದ ಸುಮ್ಮನಿದ್ದರು. ಈಗಲೂ “ಹ್ಞೂಂ, ಅದೇನು ಮಹಾ” ಎಂದರು.

ಮೊದಲ ಭಾನುವಾರ ಬಂತು. ಬಟ್ಟೆ ಒಣಹಾಕುವ ಸ್ಟ್ಯಾಂಡಿಗೆ ಫೋನನ್ನು ಲಾಡಿಯಿಂದ ಕಟ್ಟಿದ್ದಾಯಿತು. ಮೊದಲ ಕಾಲು ಗಂಟೆ ಫ್ಯಾನು ಮಾತ್ರ ಕಾಣಿಸಿತು. ಮುಂದಿನ ಕಾಲು ಗಂಟೆ ಭಾವನವರ ಮೂಗು. ಕೊನೆಗೆ ಹೇಗೋ ಹತ್ತು ಚೌಕಗಳಲ್ಲಿ ಹತ್ತು ಮುಖಗಳು ಮೂಡಿದವು. ಅಕ್ಕ ಹೊಸ ಬಟ್ಟೆ ಉಟ್ಟು, ಹನ್ನೊಂದು ವರ್ಷ ಹೇಳಿದ ಮಾತುಗಳನ್ನೇ ಹೇಳಿದಳು. ನಗಬೇಕಾದ ಜಾಗದಲ್ಲಿ ಯಾರೂ ನಗಲಿಲ್ಲ. ನಕ್ಕರೂ ಕೇಳಿಸಲಿಲ್ಲ. ನಾಲ್ಕೂವರೆಗೆ ಭಾವನವರು ಸ್ಟೂಲಿನ ಮೇಲೆ ಕೂತರು. ಡಬ್ಬಿ ತಲೆಕೆಳಗಾಯಿತು. ಒಂದು ಹನಿಯೂ ಬೀಳಲಿಲ್ಲ.

ಆಗ ಟೀಚರಮ್ಮನವರ ಚೌಕದಿಂದ ದನಿ ಬಂತು. “ಅಲ್ಲಮ್ಮಾ, ಅದರೊಳಗೆ ನೀರಿದೆ ಅಂತ ಏನು ಗ್ಯಾರಂಟಿ?”

ಅಕ್ಕ ಡಬ್ಬಿ ಅಲುಗಾಡಿಸಿದಳು. ಗುಳುಗುಳು ಶಬ್ದ ಕೇಳಿಸುತ್ತಿದೆಯಲ್ಲ ಎಂದಳು.

“ಶಬ್ದ ಏನು, ಬಾಯಲ್ಲೂ ಮಾಡಬಹುದು,” ಎಂದರು ಟೀಚರಮ್ಮ.

ಟೈಲರಮ್ಮ ದನಿಗೂಡಿಸಿದಳು. “ಫೋನಲ್ಲಿ ಏನು ಬೇಕಾದ್ರೂ ತೋರಿಸ್ತಾರೆ ಅಕ್ಕಾ. ನಿನ್ನೆ ಯಾರೋ ಆನೆ ಹಾರಿಸಿದ್ರು.” ಔಷಧಿ ಅಂಗಡಿಯವರ ಮನೆಯಾಕೆ ಎದುರಿಗೆ ನೋಡಿದರೆ ಆ ಮಾತೇ ಬೇರೆ ಎಂದಳು. ಉಳಿದ ಚೌಕಗಳೆಲ್ಲ ತಲೆಯಾಡಿಸಿದವು. ಒಬ್ಬರೂ ಡಬ್ಬಿ ಬೇಕು ಎನ್ನಲಿಲ್ಲ.

ಭಾವನವರ ಕುತ್ತಿಗೆ ನೋಯುತ್ತಿತ್ತು. ಇದು ಬೇಗ ಮುಗಿದರೆ ಅರ್ಧ ಗಂಟೆಯಾದರೂ ಅಡ್ಡಾಗಬಹುದು ಎಂಬ ಆಸೆಯಿಂದ ಅವರು ಡಬ್ಬಿಯ ಕೆಳಗಿನಿಂದಲೇ ಬಾಯಿ ಹಾಕಿದರು. “ನಂಬಿಕೆ ಇಲ್ದಿದ್ರೆ ನಿಮ್ಮನೆಗೇ ಬಂದು ಕೂರ್ತೀನಿ, ನೀವೇ ನೀರು ತುಂಬಿ ನೋಡಿ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹತ್ತೂ ಜನ ಒಟ್ಟಿಗೆ “ಬನ್ನಿ ಭಾವ” ಎಂದರು. ಅಷ್ಟು ಹೊತ್ತು ಒಡೆದು ಒಡೆದು ಬರುತ್ತಿದ್ದ ದನಿ ಅದೊಂದು ಮಾತಿಗೆ ಮಾತ್ರ ಗಂಟೆ ಹೊಡೆದ ಹಾಗೆ ಸ್ಪಷ್ಟವಾಗಿ ಬಂತು.

ಅವತ್ತೇ ಮೇಡಂ ಫೋನ್ ಬಂತು. ಸೊನ್ನೆ ಆರ್ಡರ್ ಎಂದರೆ ಏನರ್ಥ? ತಿಂಗಳ ಕೊನೆಯ ಭಾನುವಾರ ಇನ್ನೊಂದು ಪಾರ್ಟಿ ಇಡಿ, ನಾನೇ ಕೂತು ನೋಡುತ್ತೇನೆ. ಹತ್ತಕ್ಕೆ ಹತ್ತೂ ಆರ್ಡರ್ ಬರದಿದ್ದರೆ ನಿಮ್ಮ ಗುಂಪನ್ನು ಮೇಲಿನ ಮನೆಯವರ ಗುಂಪಿಗೆ ಸೇರಿಸುತ್ತೇವೆ.

ಅಕ್ಕ ಸ್ಟೂಲನ್ನು ಎತ್ತಿ ಅಡುಗೆಮನೆಯ ಮೂಲೆಯಲ್ಲಿಟ್ಟು ಬಂದಳು. “ಹನ್ನೊಂದು ವರ್ಷ ರೀ,” ಎಂದಳು. “ತಿಂಗಳಿಗೆ ಒಂದು ದಿನ ನಮ್ಮನೇಲಿ ಕೂರೋಕೆ ಜಾಗ ಇರ್ತಿರಲಿಲ್ಲ. ಮಿಕ್ಕ ದಿನ ನಾನು, ನೀವು, ನಿಮ್ಮ ಗೊರಕೆ.” ಸೆರಗಿನಿಂದ ಕೈ ಒರೆಸಿಕೊಂಡು ಸೇರಿಸಿದಳು. “ಮೇಡಂ ಹೇಳಿದ್ದನ್ನ ಆ ಹತ್ತು ಜನಕ್ಕೆ ಮಾತ್ರ ಹೇಳ್ಬೇಡಿ. ಕನಿಕರಕ್ಕೆ ಯಾರೂ ಡಬ್ಬಿ ತಗೊಳ್ಳೋದು ಬೇಡ.”

ಡಬ್ಬಿಗಳ ಮೇಲೆ ಭಾವನವರಿಗೆ ಪ್ರೀತಿ ಇರಲಿಲ್ಲ. ಆದರೆ ಹೆಂಡತಿ ಹೀಗೆ ಮೆತ್ತಗೆ ಮಾತಾಡಿದ್ದನ್ನು ಅವರು ಕಂಡಿರಲಿಲ್ಲ. ಅವರಿಗೆ ನಿಜಕ್ಕೂ ಸಂಕಟವಾಯಿತು. ಮರುದಿನವೇ ಆಫೀಸು ಮುಗಿಸಿ ಡಬ್ಬಿಯನ್ನು ಚೀಲದಲ್ಲಿಟ್ಟುಕೊಂಡು ಹೊರಟರು.

ಹೀಗೆ ಆನ್‌ಲೈನ್ ವ್ಯಾಪಾರವು ಕಾಲ್ನಡಿಗೆಯಲ್ಲಿ ಆರಂಭವಾಯಿತು. ಪದ್ಧತಿ ಏನೆಂದರೆ, ಭಾವನವರು ಗಿರಾಕಿಯ ಮನೆಯಲ್ಲಿ ಸ್ಟೂಲಿನ ಮೇಲೆ ಕೂರುವುದು. ಗಿರಾಕಿ ತನ್ನ ನಲ್ಲಿಯ ನೀರನ್ನೇ ತುಂಬಿ, ತನ್ನ ಕೈಯಿಂದಲೇ ಅವರ ತಲೆಯ ಮೇಲೆ ಹಿಡಿಯುವುದು. ಅಕ್ಕ ತನ್ನ ಮನೆಯಿಂದ ಫೋನಿನಲ್ಲಿ ವಿವರಣೆ ಕೊಡುವುದು. ಟೈಲರಮ್ಮ ಅವರನ್ನು ಅಂಗಡಿಯ ಬಾಗಿಲಲ್ಲೇ ಕೂರಿಸಿ, ಒಂದು ಕೈಯಲ್ಲಿ ಡಬ್ಬಿ ಹಿಡಿದು, ಇನ್ನೊಂದು ಕೈಯಲ್ಲಿ ಗಿರಾಕಿಯೊಬ್ಬಳ ತೋಳಿನ ಅಳತೆ ತೆಗೆದಳು. ಔಷಧಿ ಅಂಗಡಿಯ ಮನೆಯಾಕೆ ಮುನ್ನೆಚ್ಚರಿಕೆಯಾಗಿ ನೆಗಡಿ ಮಾತ್ರೆ ಪಕ್ಕದಲ್ಲಿಟ್ಟುಕೊಂಡು ಹಿಡಿದಳು. ಎಲ್ಲೂ ಒಂದು ಹನಿ ಬೀಳಲಿಲ್ಲ. ಎಲ್ಲರೂ ಟೀ ಕೊಟ್ಟರು. “ಅಕ್ಕ ಹೇಗಿದ್ದಾಳೆ? ನಡುಮನೇಲಿ ಹಳದಿ ಹೂವಿನ ಪರದೆ ಹಾಗೇ ಇದ್ಯಾ?” ಎಂದು ವಿಚಾರಿಸಿದರು. ಆರ್ಡರ್ ಎಂದರೆ ಮಾತ್ರ “ನೋಡೋಣ ಭಾವ” ಎಂದರು.

ಇತ್ತ ಬೀದಿಯಲ್ಲಿ ಗಾಳಿಸುದ್ದಿ ಎದ್ದಿತು. ತೂಕ ಅಳತೆ ಇಲಾಖೆಯವರು ಚೀಲ ಹಿಡಿದು ಮನೆ ಮನೆ ನುಗ್ಗುತ್ತಿದ್ದಾರೆ, ಒಳಗೆ ಹತ್ತು ನಿಮಿಷ ಕೂತು ಏನೋ ಅಳೆಯುತ್ತಿದ್ದಾರೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಹಾಲಿನವನು ಆ ವಾರವಿಡೀ ಅಳತೆ ಮೀರಿ ಹಾಲು ಹಾಕಿದ. ಬೀದಿಯ ಬೆಕ್ಕುಗಳು ಕೂಡ ದಪ್ಪಗಾದವು. ದಿನಸಿ ಅಂಗಡಿಯವನು ಒಂದು ಸಂಜೆ ತನ್ನ ಹದಿನಾಲ್ಕು ಡಬ್ಬಗಳನ್ನು ಗಾಡಿಯ ಮೇಲೆ ಹೇರಿಕೊಂಡು ಭಾವನವರ ಬಾಗಿಲಿಗೇ ಬಂದ.

“ಎಲ್ಲರ ಮನೆ ಡಬ್ಬಿಗೂ ಮುದ್ರೆ ಹಾಕ್ತಿದೀರಂತೆ ಸ್ವಾಮಿ. ನನ್ನ ಡಬ್ಬ ಏನು ಪಾಪ ಮಾಡಿದೆ?”

“ಮುದ್ರೆ ಅಲ್ಲಪ್ಪಾ. ಡಬ್ಬಿ ತಲೆ ಮೇಲೆ ಇಟ್ಕೋತೀನಿ ಅಷ್ಟೇ.”

ಅಂಗಡಿಯವನು ಒಂದು ಗಳಿಗೆ ಯೋಚಿಸಿದ. “ಹೊಸ ನಿಯಮಾನಾ? ಆಗಲಿ, ಇಟ್ಕೊಳ್ಳಿ,” ಎಂದು ಬೇಳೆ ಡಬ್ಬ ಎತ್ತಿ ಕೊಟ್ಟ.

ಹದಿನಾಲ್ಕು ಡಬ್ಬವನ್ನೂ ತಲೆಯ ಮೇಲಿಟ್ಟು ಇಳಿಸಿದ ಮೇಲೆಯೇ ಅವನಿಗೆ ಸಮಾಧಾನವಾದದ್ದು. ವಾದ ಮಾಡುವುದಕ್ಕಿಂತ ಇಟ್ಟುಕೊಳ್ಳುವುದೇ ಸುಲಭ ಎಂದು ಭಾವನವರಿಗೆ ಅನ್ನಿಸಿತ್ತು.

ಸುದ್ದಿ ಮೇಲಧಿಕಾರಿಯವರಿಗೆ ಮುಟ್ಟದೆ ಇರುತ್ತದೆಯೇ? ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯವರು ಅವರು. ಭಾವನವರನ್ನು ಒಳಗೆ ಕರೆದು, ಕೂರಲು ಹೇಳದೆ ಕೇಳಿದರು. “ಯಾವ ಆದೇಶದ ಮೇಲೆ ಮನೆ ಮನೆ ಪರೀಕ್ಷೆ ನಡೀತಿದೆ?”

“ಪರೀಕ್ಷೆ ಅಲ್ಲ ಸರ್. ನಾನು ಕೂರ್ತೀನಿ, ಅವರು ನನ್ನ ತಲೆ ಮೇಲೆ ನೀರು ಹಿಡೀತಾರೆ.”

“ಯಾಕೆ?”

ಈ ಪ್ರಶ್ನೆಗೆ ಭಾವನವರಲ್ಲಿ ಹನ್ನೊಂದು ವರ್ಷದಿಂದ ಉತ್ತರವಿರಲಿಲ್ಲ. “ಬೀಳಲ್ಲ ಅಂತ ತೋರಿಸೋಕೆ ಸರ್,” ಎಂದರು.

“ಬೀಳದೇ ಇರೋದನ್ನ ಯಾಕೆ ತೋರಿಸ್ಬೇಕು? ಲಿಖಿತ ವಿವರಣೆ ಕೊಡಿ.”

ಭಾವನವರು ಒಂದು ಹಾಳೆ ತೆಗೆದುಕೊಂಡು ಬರೆದರು. ‘ಸದರಿ ಕಾರ್ಯದಲ್ಲಿ ಇಲಾಖೆಯ ಯಾವುದೇ ಉಪಕರಣವನ್ನು ಬಳಸಿರುವುದಿಲ್ಲ. ಬಳಸಿದ ತಲೆಯು ನನ್ನ ಸ್ವಂತದ್ದಾಗಿದ್ದು, ಕಚೇರಿಯ ವೇಳೆಯಲ್ಲಿ ಅದನ್ನು ಉಪಯೋಗಿಸಿರುವುದಿಲ್ಲ ಎಂದು ಈ ಮೂಲಕ ದೃಢೀಕರಿಸುತ್ತೇನೆ.’ ಅಧಿಕಾರಿಗಳು ಅದನ್ನು ಎರಡು ಸಲ ಓದಿ, ಎರಡನೆಯ ವಾಕ್ಯ ತಮಗೂ ಮೊದಲಿನಿಂದ ತಿಳಿದದ್ದೇ ಎಂದು ಹೇಳಿ, ಕಡತಕ್ಕೆ ಸೇರಿಸಿದರು.

ಒಂಬತ್ತು ಮನೆ ಮುಗಿದಿತ್ತು. ಉಳಿದದ್ದು ಬೀದಿಯ ತುದಿಯಲ್ಲಿದ್ದ ಟೀಚರಮ್ಮನವರ ಮನೆ. ಶನಿವಾರ ಸಂಜೆ ಅವರು ಅಲ್ಲಿ ಸೇರುವಾಗ ಕಾಲು ಸೋತಿತ್ತು. ಹೇಳುವ ಮೊದಲೇ ಸ್ಟೂಲು ಎಳೆದುಕೊಂಡು ಕೂತು, ಕುತ್ತಿಗೆ ನೆಟ್ಟಗೆ ಮಾಡಿ, ಕಣ್ಣು ಮುಚ್ಚಿದರು.

ನೀರು ತುಂಬುವ ಸದ್ದು ಬರಲಿಲ್ಲ. ಕಣ್ಣು ಬಿಟ್ಟರೆ ಎದುರಿಗೆ ಟೀ ಇತ್ತು.

“ಕುಡೀರಿ,” ಎಂದರು ಟೀಚರಮ್ಮ. “ಡಬ್ಬಿಯೊಳಗೆ ನೀರಿತ್ತು ಅಂತ ನನಗೆ ಗೊತ್ತಿಲ್ವಾ? ಹನ್ನೊಂದು ವರ್ಷ ನೋಡಿದೀನಿ. ಎಲ್ಲರಿಗೂ ಗೊತ್ತು.”

“ಮತ್ತೆ ಗ್ಯಾರಂಟಿ ಕೇಳಿದ್ರಲ್ಲ?”

“ನಾವು ಹತ್ತೂ ಜನ ಮಾತಾಡಿಕೊಂಡೇ ಕೇಳಿದ್ದು. ಫೋನಲ್ಲೇ ಡಬ್ಬಿ ತಗೊಂಡುಬಿಟ್ರೆ ಅಕ್ಕ ನಮ್ಮನ್ನ ಮತ್ತೆ ಮನೆಗೆ ಕರೀತಾಳಾ? ವ್ಯಾಪಾರ ಆಗ್ಲಿಲ್ಲ ಅಂದ್ರೆ ಕಂಪನಿಯವರೇ ಸೋತು, ಮೊದಲಿನ ಥರಾನೇ ಮಾಡಿ ಅಂತಾರೆ. ನನಗೆ ಡಬ್ಬಿ ಯಾಕೆ ಭಾವನವರೇ? ನೂರಾ ಮೂವತ್ತು ಇದಾವೆ. ಡಬ್ಬಿ ಇಡೋಕೇ ಒಂದು ದೊಡ್ಡ ಡಬ್ಬಿ ಬೇಕು. ನಾವು ಬರ್ತಿದ್ದದ್ದು ಆ ಎರಡು ಗಂಟೆಗೆ.”

ಭಾವನವರಿಗೆ ಒಂಬತ್ತು ಮನೆಯ ನೀರಿನ ಭಾರ ಒಮ್ಮೆಲೇ ತಲೆಯ ಮೇಲೆ ಕೂತಂತಾಯಿತು. ಹೇಳಬೇಡಿ ಎಂದು ಹೆಂಡತಿ ತಾಕೀತು ಮಾಡಿದ್ದಳು. ಹೇಳದಿದ್ದರೆ ನಾಳೆಗೆ ಎಲ್ಲ ಮುಗಿಯಿತು. ಅತ್ತ ದರಿ, ಇತ್ತ ಪುಲಿ. ಅವರು ಟೀ ಪೂರ್ತಿ ಕುಡಿದು, ಲೋಟ ಕೆಳಗಿಟ್ಟು, ಗೋಡೆಯ ಕಡೆ ಮುಖ ಮಾಡಿದರು. “ನಾನು ನಿಮಗೇನೂ ಹೇಳ್ತಿಲ್ಲ ಟೀಚರ್. ಈ ಗೋಡೆಗೆ ಹೇಳ್ತಿದೀನಿ,” ಎಂದು ಮೇಡಂ ಹೇಳಿದ್ದನ್ನೆಲ್ಲ ಗೋಡೆಗೆ ಹೇಳಿದರು.

ಗೋಡೆ ಸುಮ್ಮನಿತ್ತು. ಟೀಚರಮ್ಮ ಮಾತ್ರ ಎದ್ದು ಉಳಿದವರಿಗೆ ಫೋನ್ ಮಾಡಲು ಕನ್ನಡಕ ಹುಡುಕತೊಡಗಿದರು.

ಭಾನುವಾರ ನಾಲ್ಕು ಗಂಟೆಗೆ ಅಕ್ಕ ಫೋನನ್ನು ಸ್ಟ್ಯಾಂಡಿಗೆ ಕಟ್ಟುತ್ತಿದ್ದಾಗ ಬಾಗಿಲು ಬಡಿದ ಸದ್ದಾಯಿತು. ಹತ್ತೂ ಜನ ನಿಂತಿದ್ದರು, ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಫೋನು.

“ಇದೇನು ಹೀಗೆ ಬಂದ್ಬಿಟ್ರಿ? ಇವತ್ತು ಆನ್‌ಲೈನು,” ಎಂದಳು ಅಕ್ಕ.

“ನಾವೂ ಆನ್‌ಲೈನಿಗೇ ಬಂದಿದ್ದು. ದಾರಿ ಬಿಡು,” ಎಂದು ಟೀಚರಮ್ಮ ಒಳಗೆ ಬಂದು ತಮ್ಮ ಎಂದಿನ ಜಾಗದಲ್ಲಿ ಕೂತರು.

ಅಕ್ಕ ಗಂಡನತ್ತ ನೋಡಿದಳು. ಭಾವನವರು ಗೋಡೆಯತ್ತ ನೋಡಿದರು.

ಹತ್ತೂ ಫೋನು ಒಂದೇ ಕೋಣೆಯಲ್ಲಿ ಶುರುವಾದ ಕೂಡಲೇ ಕಿವಿ ಹರಿದುಹೋಗುವಂಥ ಕಿರುಚಾಟ ಎದ್ದಿತು. ಆಗ ಭಾವನವರು ಎದ್ದರು. ಒಂದು ತಿಂಗಳ ಕಷ್ಟದಲ್ಲಿ ಅವರು ಕಲಿತ ಏಕೈಕ ವಿದ್ಯೆ ಯಾವುದನ್ನು ಒತ್ತಿದರೆ ಸದ್ದು ನಿಲ್ಲುತ್ತದೆ ಎಂಬುದು. ಒಂಬತ್ತು ಫೋನಿನ ಬಾಯಿ ಕಿವಿ ಎರಡನ್ನೂ ಮುಚ್ಚಿ, ಟೀಚರಮ್ಮನವರದ್ದೊಂದನ್ನು ಬಿಟ್ಟು, ಅಕ್ಕನದ್ದನ್ನೂ ಅಡಗಿಸಿದರು. ಹೆಂಡತಿಯ ಕಣ್ಣಿನಲ್ಲಿ ಅವರು ನಿಜವಾಗಿಯೂ ಕಂಪ್ಯೂಟರ್ ಬಲ್ಲವರಾದರು.

ವಲಯದ ಮೇಡಂ ಹನ್ನೆರಡನೆಯ ಚೌಕದಲ್ಲಿ ಕಾಣಿಸಿಕೊಂಡರು. ಸ್ವಲ್ಪ ಹೊತ್ತು ನೋಡಿ ಕೇಳಿದರು. “ಎಲ್ಲರ ಹಿಂದೇನೂ ಒಂದೇ ಹಳದಿ ಪರದೆ ಕಾಣ್ತಿದೆಯಲ್ಲ?”

“ನಮ್ಮ ಬೀದೀಲಿ ಎಲ್ಲರ ಮನೇಲೂ ಅದೇ ಮೇಡಂ. ಒಂದೇ ಥಾನಿನ ಬಟ್ಟೆ,” ಎಂದರು ಟೀಚರಮ್ಮ.

“ಹೊಲಿದದ್ದು ನಾನೇ,” ಎಂದು ಟೈಲರಮ್ಮ ತಡೆಯಲಾರದೆ ಬಾಯಿ ಹಾಕಿದಳು.

“ಟೈಲರ್ ಅವರ ದನಿ ಟೀಚರ್ ಫೋನಿಂದ ಯಾಕೆ ಬಂತು?”

“ಪಕ್ಕದ ಮನೆ ಮೇಡಂ. ಗೋಡೆ ಬಹಳ ತೆಳು.”

ಅಷ್ಟರಲ್ಲಿ ಅಭ್ಯಾಸಬಲದಿಂದ ಅಕ್ಕ ಬಿಸ್ಕತ್ತಿನ ತಟ್ಟೆಯನ್ನು ಹೊರಡಿಸಿಬಿಟ್ಟಿದ್ದಳು. ಮೇಡಂ ಕಣ್ಣೆದುರೇ ಒಂದೇ ತಟ್ಟೆ ಒಂದು ಚೌಕದಿಂದ ಮಾಯವಾಗಿ ಇನ್ನೊಂದರಲ್ಲಿ ಪ್ರತ್ಯಕ್ಷವಾಗುತ್ತ, ಪ್ರತಿ ಮನೆಯಲ್ಲೂ ಎರಡೆರಡು ಬಿಸ್ಕತ್ತು ಕಳೆದುಕೊಳ್ಳುತ್ತ, ಹತ್ತು ಮನೆಗಳ ಪ್ರವಾಸ ಮುಗಿಸಿತು. ಮೇಡಂ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು.

ನಾಲ್ಕೂವರೆಯಾಯಿತು. ಭಾವನವರು ಸ್ಟೂಲಿನ ಮೇಲೆ ಕೂತರು. ದನಿ ಕೇಳಿಸಲೆಂದು ಅಕ್ಕ ಟೀಚರಮ್ಮನವರ ಪಕ್ಕ ನಿಂತು, ನೀರು ತುಂಬಿ, ಮುಚ್ಚಳ ಒತ್ತಿ, ಡಬ್ಬಿಯನ್ನು ತಲೆಕೆಳಗು ಮಾಡಿದಳು. ಎರಡು ತಿಂಗಳಿನಿಂದ ಇಲ್ಲದಿದ್ದ ಹಾಗೆ ಹತ್ತು ಜನ ಎದುರಿಗೆ ಕೂತು ಉಸಿರು ಬಿಗಿಹಿಡಿದರು. ಅಕ್ಕನ ಮುಖ ಅರಳಿತ್ತು. ಒಂದು ಹನಿಯೂ ಬೀಳಲಿಲ್ಲ.

“ಒಂದು ನಿಮಿಷ,” ಎಂದಿತು ಮೇಡಂ ದನಿ. “ನಿಮ್ಮ ವ್ಯಾಪಾರ ಹೋದ ಸಲ ಇಲ್ಲೇ ಕೆಟ್ಟಿದ್ದು ಅಂತ ನೀವೇ ಹೇಳಿದ್ರಿ. ಅದರೊಳಗೆ ನೀರಿದೆ ಅಂತ ಏನು ಗ್ಯಾರಂಟಿ?”

ಅಕ್ಕ ತನ್ನ ಮನೆ ತುಂಬ ಕೂತವರನ್ನು ಒಮ್ಮೆ ನೋಡಿದಳು. ಕೆಳಗೆ, ನಡುವೆ ಕೂದಲು ತೆಳುವಾದ ಗಂಡನ ತಲೆಯನ್ನು ನೋಡಿದಳು. ಆಮೇಲೆ ಹೆಬ್ಬೆರಳಿನಿಂದ ಮುಚ್ಚಳ ತೆಗೆದಳು.

ಹನ್ನೊಂದು ವರ್ಷದಿಂದ ಬೀಳದೆ ಉಳಿದಿದ್ದ ನೀರೆಲ್ಲ ಒಟ್ಟಿಗೆ ಬಿತ್ತು. ಹತ್ತೂ ಚೌಕಗಳಲ್ಲಿ ಹತ್ತೂ ಹೆಂಗಸರು ಒಂದೇ ಸಲ ಕಾಲೆತ್ತಿಕೊಂಡು ಮೇಲೆದ್ದರು. ಭಾವನವರು ಮಾತ್ರ ಏಳಲಿಲ್ಲ. ಬಿದ್ದದ್ದು ನೀರು ಎಂದು ಖಚಿತವಾಗಲು ಅವರಿಗೆ ಸ್ವಲ್ಪ ಹೊತ್ತು ಬೇಕಾಯಿತು.

“ಟೀಚರ್,” ಎಂದರು ಮೇಡಂ, “ನಿಮ್ಮನೇಲಿ ಕೂತಿರೋ ನಿಮ್ಮ ಕನ್ನಡಕದ ಮೇಲೆ ನೀರು ಹೇಗೆ ಬಂತು?”

ಟೀಚರಮ್ಮ ಕನ್ನಡಕ ಮುಟ್ಟಿ ನೋಡಿಕೊಂಡರು. “ಅಷ್ಟು ಚೆನ್ನಾಗಿ ಬಂದಿದೆ ಮೇಡಂ, ಪ್ರೋಗ್ರಾಮು.”

ಮೇಡಂ ಮುಖ ಆಚೆ ತಿರುಗಿಸಿದರು. ಅವರ ಹೆಗಲು ಕುಲುಕುತ್ತಿದ್ದುದು ಕಾಣುತ್ತಿತ್ತು. ಮತ್ತೆ ಈಚೆ ತಿರುಗಿದಾಗ ಹತ್ತು ಆರ್ಡರ್ ಬಂದಿದ್ದವು. “ಗುಂಪು ನಿಮ್ಮ ಹತ್ರಾನೇ ಇರಲಿ,” ಎಂದರು ಅಕ್ಕನಿಗೆ. “ಇಷ್ಟು ಜೀವ ಇರೋ ಆನ್‌ಲೈನ್ ಪಾರ್ಟಿ ನಾನು ಎಲ್ಲೂ ನೋಡಿಲ್ಲ. ಇನ್ನು ಮೇಲೆ ಪ್ರತಿ ತಿಂಗಳೂ ಹೀಗೇ ಆಗಲಿ. ಆ ಕೊನೇದು ಮಾತ್ರ ತಪ್ಪಿಸ್ಬೇಡಿ.”

ಹೆಂಗಸರು ಹೋಗುವಾಗ ಕತ್ತಲಾಗಿತ್ತು. ಮಹಡಿಯ ಮೇಲೆ ಯಾರೋ ಯಾರಿಗೋ “ಹಲೋ ಫ್ರೆಂಡ್ಸ್” ಎನ್ನುತ್ತಿದ್ದರು. ಅಕ್ಕ ಟವೆಲ್ ತಂದು, ಇನ್ನೂ ಸ್ಟೂಲಿನ ಮೇಲೇ ಕೂತಿದ್ದ ಗಂಡನ ತಲೆ ಒರೆಸತೊಡಗಿದಳು. ಒರೆಸಿ ಮುಗಿದ ಮೇಲೂ ಒರೆಸುತ್ತಲೇ ಇದ್ದಳು.

“ಗೋಡೆಗೆ ಹೇಳಿದ್ರಂತೆ.”

“ಹ್ಞೂಂ.”

“ಕೋಪ ಬಂತಾ? ನೀರು ಸುರಿದದ್ದಕ್ಕೆ.”

ಭಾವನವರು ಕಣ್ಣು ಮುಚ್ಚಿಕೊಂಡು ಯೋಚಿಸಿದರು. ಕೋಪ ಮಾಡಿಕೊಳ್ಳಲು ಮೊದಲು ಸ್ಟೂಲಿನಿಂದ ಏಳಬೇಕಿತ್ತು. ಅದಕ್ಕೆ ಅವರಲ್ಲಿ ಶಕ್ತಿಯಿರಲಿಲ್ಲ.

“ಇಲ್ಲ,” ಎಂದರು. “ಮುಂದಿನ ತಿಂಗಳು ಸ್ವಲ್ಪ ಬಿಸಿನೀರು ಹಾಕು.”